ಕ್ಲಚ್ಚಿನ ಮೇಲೆ ಎರಡು ಬೆರಳು

ಸೀಟಿ ಹೊಡೀತಿದೆಯಲ್ರೀ, ಕೇಳಿಸ್ತಿಲ್ವಾ ನಿಮಗೆ, ಅಂತ ಕೇಳಿ ಹಲ್ಲಿನ ಡಾಕ್ಟರಮ್ಮ ಮೆಟ್ಟಿಲು ಹತ್ತಿ ಮೇಲಿನ ಕ್ಲಿನಿಕ್ಕಿಗೆ ಹೋಗಿಯೂ ಆಯಿತು, ಅವನು ಮಾತ್ರ ಕಟ್ಟಿದ ಹಲ್ಲಿನ ಸೆಟ್ಟನ್ನು ಅಂಗೈಯಲ್ಲಿಟ್ಟುಕೊಂಡು ನಿಂತೇ ಇದ್ದಾನೆ, ಮೇಲಿನ ಸಾಲು, ಕೆಳಗಿನ ಸಾಲು, ಗುಲಾಬಿ ಒಸಡು, ಎಲ್ಲ ಅವನದೇ ಕೈಕೆಲಸ, ಎಂಜಲು ಇನ್ನೂ ಆರಿಲ್ಲ — ಮೇಷ್ಟ್ರು ಈಗಷ್ಟೇ ಬಾಯಿಂದ ತೆಗೆದು ಕೊಟ್ಟು ಹೋದರು, ಹೋಗುವಾಗ ಬೊಚ್ಚುಬಾಯಲ್ಲಿ ಏನೋ ಅಂದರು, ಅದೂ ತಿಳಿಯಲಿಲ್ಲ, ಬೊಚ್ಚುಬಾಯಿಯ ಮಾತು ಯಾರಿಗೆ ತಾನೆ ತಿಳಿಯುತ್ತದೆ, ಅದು ಲೆಕ್ಕಕ್ಕಿಲ್ಲ. ಲೆಕ್ಕಕ್ಕಿರುವುದು ಅದಕ್ಕೂ ಮೊದಲಿನದು, ಈ ಸ್ಟೂಲಿನ ಮೇಲೆ ಕೂತು, ಹೊಸ ಹಲ್ಲು ಹಾಕಿಕೊಂಡು, ಸಾಸಿವೆ, ಸೊಸೆ, ಸಂಸಾರ, ಸಂತೋಷ ಅಂತ ಮಗ್ಗಿ ಒಪ್ಪಿಸುವ ಹಾಗೆ ಹೇಳಿದರಲ್ಲ, ಅವನು ಬೆಂಚಿನ ಈಚೆಯಿಂದ ಅವರ ತುಟಿಯನ್ನೇ ನೋಡುತ್ತಿದ್ದ, ತುಟಿ ಸರಿಯಾಗಿ ಕೂಡುತ್ತಿತ್ತು, ಕೆನ್ನೆ ತುಂಬಿಕೊಂಡಿತ್ತು, ಬಲು ಚೆನ್ನಾಗಿದೆ ಮೇಷ್ಟ್ರೇ, ಹತ್ತು ವರ್ಷ ಚಿಕ್ಕೋರಾದ್ರಿ ಅಂದ, ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು, ಏನ್ರೀ ತಮಾಷೆ ಮಾಡ್ತೀರಾ, ಒಂದೊಂದು ಸಕಾರಕ್ಕೂ ಕುಕ್ಕರ್ ಥರ ಕೂಗ್ತಿದೆ, ಇನ್ನೊಂದ್ಸಲ ಹೇಳಿ ಮೇಷ್ಟ್ರೇ. ಮೇಷ್ಟ್ರು ನಗುತ್ತಾ ಇನ್ನೊಮ್ಮೆ ಸಾಸಿವೆ ಅಂದರು. ಅವನು ಉಸಿರು ಬಿಗಿಹಿಡಿದು ಕಿವಿಯನ್ನು ಪೂರ್ತಿ ಅತ್ತ ಕೊಟ್ಟ, ಬಂದದ್ದು ಒಂದು ಆ, ಒಂದು ಇ, ಒಂದು ಎ, ನಡುವೆ ಏನೂ ಇಲ್ಲ, ಹಲ್ಲು ಕಿತ್ತ ಜಾಗದ ಹಾಗೆ ಖಾಲಿ. ಬೆಂಚಿನ ತುಂಬ ಪ್ಲಾಸ್ಟರಿನ ದವಡೆಗಳು ಬಾಯಿ ತೆರೆದುಕೊಂಡು ಕೂತಿವೆ. ಹಾಗಾದರೆ ಬೆಳಿಗ್ಗೆಯೂ ಇತ್ತು, ಬೆಳಿಗ್ಗೆ ಹೆಂಡತಿಯ ಗಾಡಿಯಲ್ಲೂ ಆ ಸದ್ದು ಇತ್ತು, ತನಗೆ ಕೇಳಿಸಲಿಲ್ಲ ಅಷ್ಟೇ, ಅವಳು ಅದನ್ನೇ ಹತ್ತಿಕೊಂಡು ಹೋದಳು.

ರೀ, ಒಂದ್ನಿಮಿಷ ಇದನ್ನ ಕೇಳಿ ಅಂದಿದ್ದಳು, ಹೆಲ್ಮೆಟ್ಟನ್ನು ಮೊಣಕೈಗೆ ನೇತುಹಾಕಿಕೊಂಡು, ಮನೆಯ ಪಕ್ಕ ಅವನು ಗಾಡಿ ರಿಪೇರಿ ಮಾಡುವ ಶೆಡ್ಡಿನ ಬಾಗಿಲಲ್ಲಿ ಬೆಳಕಿಗೆ ಬೆನ್ನು ಹಾಕಿ, ನೀಲಿ ಹೊಗೆ ಅವಳ ಮೊಣಕಾಲಿನ ಸುತ್ತ ಸುಳಿಯುತ್ತಿತ್ತು, ಟೂ ಸ್ಟ್ರೋಕ್ ಎಣ್ಣೆ ಸುಟ್ಟ ಆ ಸಿಹಿವಾಸನೆ ಮೂಗಿಗೆ ಬಿದ್ದರೆ ಸಾಕು ಅವನಿಗೆ ಇವತ್ತಿಗೂ ಮದುವೆಯಾದ ಹೊಸತು ನೆನಪಾಗುತ್ತದೆ — ಏರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಗಾಜಿನ ಲೋಟದಲ್ಲಿ ಚಮಚ ಆಡಿಸಿದ ಹಾಗೆ ಟಿಣಿಟಿಣಿ ಅನ್ನುತ್ತೆ, ನಿನ್ನೆಯಿಂದ, ನನ್ನ ಭ್ರಮೆಯೋ ಏನೋ, ನೀವೇ ನೋಡಿ. ಅವನು ಗೋಡೆಯ ಮೊಳೆಯಿಂದ ಆ ಉದ್ದನೆಯ ಸ್ಕ್ರೂಡ್ರೈವರ್ ತೆಗೆದ, ತುದಿಯನ್ನು ಸಿಲಿಂಡರಿಗೆ ಊರಿದ, ಮರದ ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿದ, ಕಣ್ಣು ಮುಚ್ಚಿದ. ಕಣ್ಣು ಮುಚ್ಚುವುದನ್ನು ನೋಡಲೆಂದೇ ಜನ ಬರುತ್ತಾರೆ, ಹಳೇ ಜಪಾನಿ ಬೈಕು ಇಟ್ಟುಕೊಂಡಿರುವ ಅಷ್ಟೂ ಜನ, ಸುಮ್ನಿರ್ರೋ, ಕಿವಿಯಣ್ಣ ಕೇಳ್ತಿದಾನೆ, ಅಂತ ಒಬ್ಬರನ್ನೊಬ್ಬರು ಗದರಿಕೊಂಡು ಸುತ್ತ ನಿಲ್ಲುತ್ತಾರೆ, ಆಮೇಲೆ ಅವನು ಕಣ್ಣು ಬಿಟ್ಟು, ಬಲಗಡೆ ಕಾರ್ಬೊರೇಟರ್ ಕಾಲು ಸುತ್ತು ತಿರುಗಿಸು ಅಂತಲೋ, ಪಿಸ್ಟನ್ ರಿಂಗು ಹೋಗಿದೆ ಅಂತಲೋ ಹೇಳಿದರೆ ಮುಗಿಯಿತು, ಎಂಜಿನ್ ಬಿಚ್ಚಿ ನೋಡಿದರೆ ಅದೇ ಇರುತ್ತಿತ್ತು. ಬೆಳಿಗ್ಗೆ ಕೇಳಿಸಿದ್ದು ದುಡುದುಡು, ದೂರದಲ್ಲಿ ಯಾರೋ ಮೆತ್ತನೆಯ ಹಾಸಿಗೆ ಬಡಿಯುತ್ತಿರುವ ಹಾಗೆ, ಒಳ್ಳೆಯ ಸದ್ದು, ಆರೋಗ್ಯದ ಸದ್ದು, ಆದರೆ ಅದು ಕೆಳಗಿನ ಸದ್ದು, ದಪ್ಪ ಸದ್ದು, ಚಮಚದಂಥ ಸಣ್ಣ ಕೀರಲು ಸದ್ದು ಇರುವುದು ಮೇಲೆ, ಆ ಮೇಲಿನ ಅಂತಸ್ತಿಗೆ ಅವನು ಹೋಗಿ ಎಷ್ಟು ಕಾಲವಾಯಿತೋ, ಗೊತ್ತಿತ್ತಲ್ಲ, ಕಣ್ಣು ಮುಚ್ಚಿದಾಗಲೇ ಗೊತ್ತಿತ್ತು, ಆದರೂ ಬಾಯಿ ತನ್ನ ಪಾಡಿಗೆ ತಾನು, ಏನೂ ಇಲ್ಲ ಕಣೇ, ಗಡಿಯಾರದ ಹಾಗಿದೆ, ಹೋಗ್ಬಾ ಅಂದುಬಿಟ್ಟಿತು. ಅವಳು ಒಂದು ಗಳಿಗೆ ಅವನ ಮುಖವನ್ನೇ ನೋಡಿದಳು. ನಿಜವಾಗ್ಲೂ? ನಿಜವಾಗ್ಲೂ. ಸಂಜೆಯೊಳಗೆ ಬರ್ತೀನಿ, ಮೇಷ್ಟ್ರ ಹಲ್ಲು ಕೊಟ್ಟುಬಿಡಿ, ಪಾಪ, ಗಂಜಿ ಕುಡಿದು ಕುಡಿದು ಸಾಕಾಗಿರುತ್ತೆ. ಅಷ್ಟು ಹೇಳಿ ಹೆಲ್ಮೆಟ್ ಏರಿಸಿದಳು, ಬೆಟ್ಟ ದಾಟಿ ಅಣೆಕಟ್ಟಿನವರೆಗೆ ಎಲ್ಲರೂ ಸೇರಿ ಹೋಗುವ ಸವಾರಿ, ಹೋಗುವಾಗ ಏರು, ಆಮೇಲೆ ಬರೀ ಇಳಿಜಾರು, ತಿರುವಿನ ಮೇಲೆ ತಿರುವು.

ಅದು ಏನು ಸದ್ದು ಅಂತ ಅವನಿಗೆ ಗೊತ್ತಿಲ್ಲದೇ ಇಲ್ಲ, ಕೇಳಿಸದಿದ್ದರೇನು, ಅವಳು ಹೇಳಿದ ಮಾತೇ ಸಾಕಿತ್ತು — ಪಿಸ್ಟನ್ನಿನ ಕೆಳಗೆ ಬಳೆಯಂಥ ಒಂದು ಸಣ್ಣ ಬೇರಿಂಗು, ಬಳೆಯ ತುಂಬ ಗುಂಡುಸೂಜಿಯಂಥ ಉಕ್ಕಿನ ಕಡ್ಡಿಗಳು, ಸವೆದರೆ ಅವು ಹಾಗೇ ಕುಣಿಯುತ್ತವೆ, ಬೇರೆ ಯಾರಾದರೂ ಚಮಚ ಅಂದಿದ್ದರೆ ಸ್ಕ್ರೂಡ್ರೈವರ್ ಮುಟ್ಟದೆಯೇ ಗಾಡಿ ನಿಲ್ಲಿಸು ಅನ್ನುತ್ತಿದ್ದ, ಇವಳಿಗೆ ಏನೂ ಇಲ್ಲ ಅಂದ. ಹಾಗೇ ಓಡಿಸಿದರೆ ಒಂದು ಕಡ್ಡಿ ಕಳಚಿಕೊಳ್ಳುತ್ತದೆ, ಪಿಸ್ಟನ್ ಕಚ್ಚಿ ನಿಲ್ಲುತ್ತದೆ, ಎಂಜಿನ್ ಸೀಜ್, ಎಂಜಿನ್ನಿಗೆ ಚೈನು, ಚೈನಿಗೆ ಚಕ್ರ, ಓಡುತ್ತಿದ್ದ ಹಿಂದಿನ ಚಕ್ರ ಇದ್ದಕ್ಕಿದ್ದ ಹಾಗೆ ಕಲ್ಲಾಗುತ್ತದೆ, ತಿರುವಿನಲ್ಲಿ ಕಲ್ಲಾದರೆ ಮುಂದಿನದು ಹೇಳುವುದೇ ಬೇಡ. ಆಗ ಕಾಪಾಡುವುದು ಒಂದೇ, ಎಡಗೈಯ ಎರಡು ಬೆರಳು, ತಕ್ಷಣ ಕ್ಲಚ್ ಎಳೆದರೆ ಎಂಜಿನ್ ಒಂದು ದಾರಿ, ಚಕ್ರ ಒಂದು ದಾರಿ, ಚಕ್ರ ಉರುಳಿಕೊಂಡು ಹೋಗುತ್ತದೆ, ಸವಾರ ಉಳಿಯುತ್ತಾನೆ. ಅವಳಿಗೆ ಅವನು ಮೊದಲ ದಿನ ಕಲಿಸಿದ್ದೇ ಅದು, ಗೇರಿಗೂ ಮೊದಲು, ಬ್ರೇಕಿಗೂ ಮೊದಲು — ಈ ಗಾಡಿಗಳು ದೇವರಂಥವು, ಆದರೆ ಯಾವಾಗ ಮುನಿಸಿಕೊಳ್ತಾವೆ ಹೇಳಕ್ಕಾಗಲ್ಲ, ಎರಡು ಬೆರಳು ಯಾವಾಗಲೂ ಕ್ಲಚ್ಚಿನ ಮೇಲಿರಲಿ, ನಿದ್ದೆಗಣ್ಣಲ್ಲೂ ಇರಲಿ, ಅವಳು ನಕ್ಕಿದ್ದಳು, ಮದುವೆ ಮಂತ್ರದಲ್ಲಿ ಇದೊಂದು ಬಿಟ್ಟುಹೋಗಿತ್ತು ನೋಡಿ. ಆಗ ಆ ಎರಡು ಬೆರಳು ಎಷ್ಟು ತೆಳ್ಳಗಿದ್ದವು, ಉಗುರಂಚಲ್ಲಿ ಗ್ರೀಸು, ಕ್ಲಚ್ ಲಿವರಿನ ಮೇಲೆ ಹಕ್ಕಿ ಕೂತ ಹಾಗೆ ಹಗುರವಾಗಿ ಕೂತಿರುತ್ತಿದ್ದವು. ಅವಳ ಗಾಡಿಯೂ ಹಾಗೇ, ತೆಳ್ಳಗಿನ ಒಂಟಿ ಸಿಲಿಂಡರು, ಯಾರದೋ ಹಿತ್ತಿಲ ಕೋಳಿಗೂಡಿನಲ್ಲಿ ಸಿಕ್ಕಿದ್ದು, ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು, ಮೊಟ್ಟೆ ಮರಿಯಾಗುವವರೆಗೆ ಕೊಡಲ್ಲ ಅಂದರು ಆ ಮನೆಯವರು, ಕಾದರು, ತಂದರು, ಟ್ಯಾಂಕಿನೊಳಗಿನ ತುಕ್ಕನ್ನು ಒಂದು ಹಿಡಿ ನಟ್ಟು ಹಾಕಿ ಅಲ್ಲಾಡಿಸಿ ಅಲ್ಲಾಡಿಸಿ ತೆಗೆದದ್ದು ಅವಳೇ, ಹೆಸರನ್ನೂ ಕೋಳಿ ಅಂತಲೇ ಇಟ್ಟಳು, ಇವತ್ತಿಗೂ ಹಾಗೇ ಕರೆಯುತ್ತಾಳೆ, ಅವನ ಎರಡು ಸಿಲಿಂಡರಿನ ದೊಡ್ಡ ಗಾಡಿಗೆ ಮಾತ್ರ ನಿಮ್ಮ ಹಿರಿಯ ಹೆಂಡತಿ ಅನ್ನುತ್ತಾಳೆ, ನನ್ನ ಮಾತು ಕೇಳಲ್ಲ, ಅದರ ಮಾತು ಕೇಳ್ತಾರೆ ಅಂತ ಬಂದವರೆದುರು ಕಾಲೆಳೆಯುತ್ತಾಳೆ. ಅನ್ನುತ್ತಿದ್ದಳು. ಈಚೆಗೆ ಅನ್ನುವುದಿಲ್ಲ, ಯಾವಾಗ ನಿಲ್ಲಿಸಿದಳು, ಅವನು ಗಮನಿಸಲೇ ಇಲ್ಲವಲ್ಲ.

ಮತ್ತೆ ಆ ಬೆರಳು. ಹೋದ ವಾರ ಅವಳ ಹಿಂದೆ ಗಾಡಿ ಓಡಿಸುತ್ತಾ ನೋಡಿದ್ದ, ಕ್ಲಚ್ಚಿನ ಮೇಲೆ ಬೆರಳಿಲ್ಲ, ಐದೂ ಹ್ಯಾಂಡಲ್ಲಿಗೆ ಸುತ್ತಿಕೊಂಡಿವೆ, ಮುಷ್ಟಿ, ಮನೆಗೆ ಬಂದು ಕೂಗಾಡಿದ, ಅವಳು ಕೈ ಚಾಚಿ ತೋರಿಸಿದಳು, ಗೆಣ್ಣು ಬಾತು ಕೆಂಪಗಾಗಿತ್ತು, ನೋಯುತ್ತೆ ಕಣ್ರೀ, ಚಾಚಿ ಇಟ್ಟುಕೊಳ್ಳಕ್ಕಾಗಲ್ಲ, ಎಂಜಿನ್ ಸರಿಯಾಗಿದ್ರೆ ಬೆರಳು ಎಲ್ಲಿದ್ರೇನು, ನೀವಿದೀರಲ್ಲ ಕೇಳಿ ಹೇಳೋಕೆ. ನೀವಿದೀರಲ್ಲ. ಅವನು ಇದ್ದಾನೆ, ಹಲ್ಲಿನ ಸೆಟ್ಟು ಅರೆದು ನಯ ಮಾಡುವ ಗ್ರೈಂಡರ್ ಮುಂದೆ, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಈ ಗ್ರೈಂಡರೇ ಕಿವಿ ತಿಂದದ್ದು, ಇಷ್ಟು ವರ್ಷ ಕಿವಿಯ ಪಕ್ಕದಲ್ಲೇ ಕಿರ್ ಅಂತ ಕೊರೆಯುತ್ತಾ, ಒಂದು ದಿನ ಅದೂ ಮೆತ್ತಗಾಯಿತು, ಹೊಸ ಬೇರಿಂಗ್ ಹಾಕಿಸಿದ್ರಾ, ಎಷ್ಟು ಸದ್ದಿಲ್ಲದೆ ಓಡ್ತಿದೆ ಅಂತ ಡಾಕ್ಟರಮ್ಮನನ್ನು ಕೇಳಿದ್ದ, ಅವರು ಏನೂ ಹಾಕಿಸಿರಲಿಲ್ಲ, ಅವತ್ತು ನಕ್ಕು ಸುಮ್ಮನಾದ. ಆಮೇಲೆ ಹಕ್ಕಿಗಳು ಹೋದವು, ಹಕ್ಕಿ ಹೋದರೆ ಯಾರಿಗೆ ನಷ್ಟ, ಬಾಗಿಲ ಗಂಟೆ ಹೋಯಿತು, ಕರೆಂಟಿಲ್ಲವೇನೋ ಅಂದುಕೊಂಡ, ಹೆಂಡತಿಯ ಮಾತಿನ ತುದಿಗಳು ಹೋದವು, ಇವಳು ಈಚೆಗೆ ಮಾತು ನುಂಗುತ್ತಾಳೆ ಅಂತ ಅವಳ ಮೇಲೆಯೇ ಹಾಕಿದ. ಅವಳೇನೂ ಜಗಳಕ್ಕೆ ಬರಲಿಲ್ಲ, ಮಾತಾಡಬೇಕಾದರೆ ಸುತ್ತಿಕೊಂಡು ಎದುರಿಗೇ ಬಂದು ನಿಲ್ಲತೊಡಗಿದಳು, ಪ್ರೀತಿ ಹೆಚ್ಚಿದೆ ಅಂದುಕೊಂಡ, ಎಂಥ ದಡ್ಡ. ಹೇಳಬಹುದಿತ್ತಲ್ಲ, ಮನೆಯೊಳಗೆ, ಅವಳೊಬ್ಬಳಿಗಾದರೂ, ಏ, ನನಗೆ ಸರಿಯಾಗಿ ಕೇಳಿಸ್ತಿಲ್ಲ ಕಣೇ, ಇಷ್ಟೇ ಮಾತು, ನಾಲಿಗೆ ಹೊರಳಲಿಲ್ಲ, ಯಾಕೆಂದರೆ ಮರುದಿನವೇ ಶೆಡ್ಡಿನ ಮುಂದೆ ಯಾರೂ ಗಾಡಿ ನಿಲ್ಲಿಸುವುದಿಲ್ಲ, ಕಿವಿಯಣ್ಣ ಅನ್ನುವವನು ಇರುವುದಿಲ್ಲ, ಉಳಿಯುವುದು ಒಬ್ಬ ಹಲ್ಲು ಕಟ್ಟುವವನು, ಅದೂ ಸೀಟಿ ಹೊಡೆಯುವ ಹಲ್ಲು. ಆಮೇಲಾಮೇಲೆ ಕೈಯಿಂದ ಮುಟ್ಟಿ, ಹೊಗೆಯ ಬಣ್ಣ ನೋಡಿ, ಅಂದಾಜಿನ ಮೇಲೆ ಹೇಳತೊಡಗಿದ, ಅದೃಷ್ಟಕ್ಕೆ ತಪ್ಪಲಿಲ್ಲ, ತಪ್ಪಿದ್ದರೂ ಮರ್ಯಾದೆಗೆ ಯಾರೂ ಬಂದು ಹೇಳಿರಲಿಕ್ಕಿಲ್ಲ, ಅವರೆಲ್ಲ ಸವಾರರು, ಅವರ ಬೆರಳು ಅವರ ಕ್ಲಚ್ಚಿನ ಮೇಲಿರುತ್ತದೆ. ಇವಳ ಬೆರಳು ಮುಷ್ಟಿಯೊಳಗಿದೆ, ಅವನ ಮಾತನ್ನು ನಂಬಿ.

ಫೋನ್ ಮಾಡಿದ, ಮತ್ತೆ ಮಾಡಿದ, ತೆಗೆಯುತ್ತಿಲ್ಲ, ಹೆಲ್ಮೆಟ್ಟಿನೊಳಗೆ, ಎಂಜಿನ್ ಸದ್ದಿನಲ್ಲಿ, ಜೇಬಿನ ಫೋನು ಕೇಳಿಸುವುದು ಹೇಗೆ, ಕೇಳಿಸದವರು ಎಲ್ಲ ಕಡೆ ಇದ್ದಾರೆ, ಈಗ ಎಲ್ಲಿರಬಹುದು, ಕೊನೆಯ ಏರಿನಲ್ಲಿ, ಮೂರನೇ ಗೇರಿನಲ್ಲಿ, ತಿರುವಿಗೆ ಮುಂಚೆ ಆಕ್ಸಿಲರೇಟರ್ ಬಿಡುತ್ತಾಳೆ, ಟಿಣಿಟಿಣಿ, ಗಡಿಯಾರದ ಹಾಗಿದೆ ಅಂದಿದ್ದಾರಲ್ಲ, ಹಾಗಂದುಕೊಂಡು ಮತ್ತೆ ತಿರುಗಿಸುತ್ತಾಳೆ, ಗೆಣ್ಣು ಬಾತ ಎರಡು ಬೆರಳು ಹ್ಯಾಂಡಲ್ಲಿಗೆ ಸುತ್ತಿಕೊಂಡಿವೆ, ಬಿಡಿಸು, ಬಿಡಿಸಿ ಇಡು, ಇಲ್ಲಿಂದಲೇ ಅಂಗೈ ಬಿಗಿಯುತ್ತಾನೆ, ಮೇಷ್ಟ್ರ ಹಲ್ಲು ಅಂಗೈಯನ್ನು ಕಚ್ಚುತ್ತದೆ. ಸೆಟ್ಟನ್ನು ನೀರಿನ ಬಟ್ಟಲಿಗೆ ಹಾಕಿದ. ಹಾಕುವಾಗ ಪ್ಲಾಸ್ಟರಿನ ದವಡೆಗಳ ಮೇಲೆ ಬೆಳಕು ಮಿನುಗಿತು, ಆರಿತು, ಮತ್ತೆ ಮಿನುಗಿತು, ಫೋನು, ಎಷ್ಟು ಹೊತ್ತಿನಿಂದ ಹೊಡೆದುಕೊಳ್ಳುತ್ತಿದೆಯೋ, ಅವಳೇ. ಎತ್ತಿ ಸ್ಪೀಕರ್ ಹಾಕಿ ಕಿವಿಯ ಮುಂದಿನ ಎಲುಬಿಗೆ ಒತ್ತಿ ಹಿಡಿದ. ರೀ, ನಾನು, ಮೇಲೆ ನಿಂತಿದೀವಿ ಎಲ್ಲರೂ, ಗಾಳಿ, ಅವಳ ಮಾತಿನ ನಡುವೆ ಗಾಳಿ, ಅಥವಾ ಅದು ಗಾಳಿಯಲ್ಲ, ಅವನಿಗೆ ತಲುಪದ ಅಕ್ಷರಗಳು, ಬಂದಷ್ಟನ್ನು ಪೋಣಿಸಿಕೊಳ್ಳುತ್ತಾನೆ — ಅದೇ ಸದ್ದು, ಜೋರಾಗಿದೆ, ಒಬ್ಬರು ಚೈನು ಅಂತಾರೆ, ಒಬ್ಬರು ಸೈಲೆನ್ಸರ್ ಬೋಲ್ಟು ಅಂತಾರೆ, ಕಿವಿಯಣ್ಣನ್ನ ಕೇಳು ಅಂತ ಎಲ್ಲರೂ ನಿಂತಿದಾರೆ, ಇನ್ನು ಪೂರ್ತಿ ಇಳಿಜಾರು, ಫೋನನ್ನ ಎಂಜಿನ್ ಹತ್ತಿರ ಹಿಡೀತೀನಿ, ಕೇಳಿ ಹೇಳಿ, ಇಳಿಯೋದಾ ಬೇಡ್ವಾ, ತಡೀರಿ, ಏನೋ ಒಂದು ಮಾತು, ಮತ್ತೆ ಗಾಳಿ. ಬದುಕಿದ್ದಾಳೆ, ನಿಂತಿದ್ದಾಳೆ, ಅವನು ಮೇಷ್ಟ್ರ ಸ್ಟೂಲನ್ನು ಎಳೆದುಕೊಂಡು ಕೂತ, ಕಣ್ಣು ತಾನಾಗಿಯೇ ಮುಚ್ಚಿತು. ದುಡುದುಡು ಬಂತು, ದೂರದಿಂದ ಹತ್ತಿರಕ್ಕೆ, ಅದೇ ಮೆತ್ತನೆಯ ಹಾಸಿಗೆ ಬಡಿಯುವ ಸದ್ದು, ಈಗ ಹೇಳಬಹುದು, ಈಗಾದರೂ, ಸುತ್ತ ಅಷ್ಟು ಜನ ನಿಂತಿದ್ದಾರೆ, ಅವಳು ಒಬ್ಬಳೇ ಇದ್ದಿದ್ದರೆ ಹೇಳುತ್ತಿದ್ದ, ಮನೆಗೆ ಬಂದ ಮೇಲೆ ಹೇಳಿದರಾಯಿತು, ನಿಧಾನವಾಗಿ, ಎದುರಿಗೆ ಕೂರಿಸಿಕೊಂಡು, ಈಗ ಅವಳು ಇಳಿಯದಿದ್ದರೆ ಸಾಕು, ಅದಕ್ಕೆ ನಿಜವೇ ಹೇಳಬೇಕಂತೇನಿಲ್ಲವಲ್ಲ, ಎಷ್ಟು ಸುಲಭ, ಇಷ್ಟು ಸುಲಭವಾದದ್ದು ಬೆಳಿಗ್ಗೆ ಯಾಕೆ ಹೊಳೆಯಲಿಲ್ಲ. ಹೌದು ಕಣೇ, ಅಂದ, ಈಗ ಸರಿಯಾಗಿ ಕೇಳಿಸ್ತಿದೆ, ಟಿಣಿಟಿಣಿ ಅಂತಿದೆ, ಬೇರಿಂಗು, ಬೆಳಿಗ್ಗೆ ಇರಲಿಲ್ಲ, ಈಗ ಶುರುವಾಗಿದೆ, ಇಳೀಬೇಡ, ಗಾಡಿ ಅಲ್ಲೇ ಬಿಡು. ದುಡುದುಡು ದೂರವಾಯಿತು, ಇಳಿಜಾರಿನಲ್ಲಿ ಕರಗಿಹೋಯಿತು. ಆಮೇಲೆ ಅವಳ ದನಿ, ಇಷ್ಟು ಹತ್ತಿರದಿಂದ, ಒಂದೊಂದೇ ಅಕ್ಷರ ಬಿಡಿಸಿ, ಮಗುವಿಗೆ ಹೇಳುವ ಹಾಗೆ, ಪೂರ್ತಿ ಕೇಳಿಸಿತು.

ರೀ, ನಾನಿನ್ನೂ ಗಾಡಿಗೆ ಕಿಕ್ಕೇ ಹೊಡೆದಿಲ್ಲ. ಅದು ಲಾರಿ ಹೋಗಿದ್ದು. ಅವನು ಫೋನನ್ನು ಎಲುಬಿಗೆ ಇನ್ನೂ ಒತ್ತಿದ. ಆ ಕಡೆ ಅವಳು ಫೋನನ್ನು ಬಾಯಿಗೆ ಹತ್ತಿರ ಹಿಡಿದು ಜನರಿಂದ ಆಚೆ ನಡೆದು ಬಂದಿರಬೇಕು, ದನಿ ಇನ್ನೂ ತಗ್ಗಿತು, ಆದರೂ ಕೇಳಿಸಿತು, ಕೇಳಿಸಬಾರದಿತ್ತು — ಬೆಳಿಗ್ಗೆ ನೀವು ಏನೂ ಇಲ್ಲ ಅಂದ್ರಲ್ಲ, ಆಗಿನಿಂದ ಏರು ಪೂರ್ತಿ ಕ್ಲಚ್ಚಿನ ಮೇಲಿಂದ ಬೆರಳು ತೆಗೆದಿಲ್ಲ ನಾನು, ಈಗ ಮಡಚೋಕಾಗ್ತಿಲ್ಲ. ಆಗಿನಿಂದ, ಏನೂ ಇಲ್ಲ ಅಂದಾಗಿನಿಂದ, ಅಂದರೆ ನಂಬಲಿಲ್ಲ, ನಿಜವಾಗ್ಲೂ ಅಂತ ಕೇಳಿ ಅವನ ಮುಖ ನೋಡಿದಾಗಲೇ, ಅದಕ್ಕೂ ಎಷ್ಟೋ ಮೊದಲೇ, ಸುತ್ತಿಕೊಂಡು ಎದುರಿಗೆ ಬಂದು ನಿಲ್ಲತೊಡಗಿದಾಗಲೇ, ಮತ್ತೆ ಒಂದೊಂದು ತಿರುವಿನಲ್ಲೂ, ಒಂದೊಂದು ಏರಿನಲ್ಲೂ, ನೋವಿಗೆ ಹಲ್ಲು ಕಚ್ಚಿಕೊಂಡು — ಬಾತ ಗೆಣ್ಣು, ಉಗುರಂಚಲ್ಲಿ ಗ್ರೀಸು, ಕ್ಲಚ್ಚಿನ ಮೇಲೆ ಎರಡು ಬೆರಳು.