ಬೆನ್ನಿನ ನೀರು

"ಆ ಪೆಟ್ಟಿಗಿ ಮುಟ್ಬ್ಯಾಡ ಅಂದೇಳಿ ಎಷ್ಟ್ ಸಲ ಹೇಳೂದ್ ಬೇವರ್ಸಿ? ನಿಮ್ಮಂಥೋರ್ ಕೈ ತಾಗ್ರೆ ಆಯ್ತ್, ಅಲ್ಲಿಗ್ ಮುಗೀತ್!"

ಲ್ಯಾಬಿನ ಲೀಲಾಧರ ಕೂಗಿದ. ಬೇಬಿ ಕೈ ಹಿಂದೆ ತೆಗೆದಳು. ತ್ರಾಸಿಯ ಒಳದಾರಿಯ ಆ ಆಸ್ಪತ್ರೆಯಲ್ಲಿ ಒಂಬತ್ತು ವರ್ಷದಿಂದ ಕಸ ಗುಡಿಸುವವಳು, ಬಾಟಲಿ ತೊಳೆಯುವವಳು ಅವಳೇ. ಯಾವ ಕಾಗದದಲ್ಲೂ ಇಲ್ಲದ ಕೆಲಸ ಇನ್ನೊಂದಿತ್ತು. ಮಿದುಳು ಜ್ವರದ ಅನುಮಾನ ಬಂದು ಬೆನ್ನುಮೂಳೆಯಿಂದ ನೀರು ತೆಗೆಯುವಾಗ, ರೋಗಿಯ ಮಂಡಿ ಗಲ್ಲಕ್ಕೆ ತಾಗುವ ಹಾಗೆ ಬಗ್ಗಿಸಿ, ಅಲುಗದಂತೆ ತಬ್ಬಿ ಹಿಡಿಯುವುದು. ಕೊರಗರ ಹೆಂಗಸು ಮುಟ್ಟಬಾರದು ಎನ್ನುವವರೆಲ್ಲ ಆ ಹೊತ್ತಿಗೆ ಮಾತ್ರ ತೆಪ್ಪಗಿರುತ್ತಿದ್ದರು.

ಈ ಸೋಮವಾರ ಅವಳು ಬಗ್ಗಿಸಿ ಹಿಡಿದದ್ದು ಸ್ವಂತ ಮಗಳನ್ನು, ಏಳು ವರ್ಷದ ಸುರಕ್ಷಾಳನ್ನು. ಜ್ವರ, ವಾಂತಿ, ಕಲ್ಲಾದ ಕುತ್ತಿಗೆ. ಮೊದಲ ದಿನ ಉಳುಕು ಎಂದು ಮನೆಯಲ್ಲಿ ಎಣ್ಣೆ ತಿಕ್ಕಿದ್ದರು. ಮರುದಿನ ಗಂಡ ಗುರುವ ಮೆಡಿಕಲ್ ಶಾಪಿನಿಂದ ಎರಡು ಆ್ಯಂಟಿಬಯಾಟಿಕ್ ಕ್ಯಾಪ್ಸೂಲ್ ತಂದು ನುಂಗಿಸಿದ್ದ.

ಡಾಕ್ಟರು ಪುಟ್ಟ ಬಾಟಲಿಯನ್ನು ಬೆಳಕಿಗೆ ಹಿಡಿದರು. ಅಕ್ಕಿ ತೊಳೆದ ನೀರಿನ ಹಾಗೆ ಕದಡಿದ್ದರೆ ದೊಡ್ಡಾಸ್ಪತ್ರೆಗೆ, ಎಳನೀರಿನ ಹಾಗೆ ತಿಳಿಯಾಗಿದ್ದರೆ ಮನೆಗೆ. ಇದು ಎರಡರ ನಡುವೆ ಇತ್ತು.

"ತಿಳಿಯಾಗೇ ಇದೆ ಬೇಬಿ. ದೊಡ್ಡ ಲ್ಯಾಬಿಗೆ ಕಳಿಸೋಣ, ನಾಲ್ಕು ದಿನಕ್ಕೆ ರಿಪೋರ್ಟ್ ಬರುತ್ತೆ."

"ನಾಲ್ಕ್ ದಿನ ನನ್ ಹೆಣ್ ತಡ್ಕಂತಿಲ್ಲೆ ಡಾಕ್ಟ್ರೆ. ಆ ಪೆಟ್ಟಿಗಿ ಒಳಗೆ ಪಟ್ಟಿ ಇತ್ತಲ್ದಾ? ಮೂರ್ ಹನಿ ಹಾಕ್ರೆ ಹದ್ನೈದ್ ನಿಮಿಷಕ್ಕೆ ಗೊತ್ತಾತ್ತ್ ಅಂದೇಳಿ ನೀವೇ ಎಲ್ಲರಿಗೂ ಹೇಳದ್ರಿ. ಎರಡ್ ಗೆರೆ ಬಂದ್ರೆ ರೋಗ, ಒಂದೇ ಬಂದ್ರೆ ಇಲ್ಲೆ. ನಿಮ್ ಕಾಲಿಗ್ ಬೀಳ್ತೆ."

"ಅದು ಮಿದುಳು ಜ್ವರದ ಯೋಜನೆಯವರದ್ದು. ಗುರುವಾರ ಅವರೇ ಬಂದು ಉದ್ಘಾಟನೆ ಮಾಡಬೇಕು. ಅಲ್ಲಿವರೆಗೆ ಸೀಲ್ ಒಡೆಯೋ ಹಾಗಿಲ್ಲ."

"ಉದ್ಘಾಟ್ನಿ ಇವಳ ಹೆಣ್ಣಿಂದ್ಲೇ ಮಾಡ್ಸುವನಾ ಸಾರ್?" ಲೀಲಾಧರ ಹಲ್ಲು ಕಿಸಿದ.

ಹಾಗಾದರೆ ದೊಡ್ಡಾಸ್ಪತ್ರೆಗೆ ಚೀಟಿಯಾದರೂ ಬರೆದುಕೊಡಿ ಎಂದಳು. ತಿಳಿ ನೀರಿಗೆ ಚೀಟಿ ಇಲ್ಲ ಎಂದರು. ಜ್ವರದ ಸಿರಪ್ ಹಿಡಿದು, ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಮನೆಗೆ ನಡೆದಳು.

"ಅಬ್ಬಿ, ಬೆಳ್ಕ್ ಬ್ಯಾಡ" ಎಂದು ಸುರಕ್ಷಾ ಮುಖ ಮುಚ್ಚಿಕೊಂಡದ್ದು ಮಂಗಳವಾರ ಸಂಜೆ. ಆಮೇಲೆ ಅವಳು ಕಣ್ಣು ತೆರೆಯಲಿಲ್ಲ. ಬುಧವಾರ ಬೆಳಿಗ್ಗೆ ಗುರುವನೇ ಗುಂಡಿ ತೋಡಿದ.

ಬೇಬಿಯನ್ನು ಹೆತ್ತ ಅಬ್ಬಿ ದೊಡ್ಮನೆಯ ಅಜಲು ತಿಂದು ಬದುಕಿದವಳು. ಅಜಲು ಎಂದರೆ, ಆ ಮನೆಯ ಮಗುವಿಗೆ ಕಾಯಿಲೆಯಾದರೆ ಅದರ ಕೂದಲು, ಉಗುರು ಅನ್ನಕ್ಕೆ ಕಲಸಿ ಕೊರಗರಿಗೆ ತಿನ್ನಿಸುವುದು. ರೋಗ ಇವರ ಹೊಟ್ಟೆಗೆ, ಮಗು ಆಟಕ್ಕೆ. ಸರ್ಕಾರ ಅದನ್ನು ನಿಷೇಧಿಸಿ ಒಂಬತ್ತು ವರ್ಷವಾಗಿತ್ತು. ಆದೇಶದ ಶಾಯಿ ಒಣಗಿತೇ ಹೊರತು ಕಲಸುವ ಕೈ ಒಣಗಿರಲಿಲ್ಲ. ಮಣ್ಣು ಮುಚ್ಚಿ ಬಂದ ಬೇಬಿ ಸತ್ತ ಅಬ್ಬಿಯನ್ನು ಕರೆದು ಕರೆದು ಅತ್ತಳು. ಊರ ಮಕ್ಕಳ ರೋಗವನ್ನೆಲ್ಲ ತಿಂದೆಯಲ್ಲೇ, ನಿನ್ನ ಮೊಮ್ಮಗಳದ್ದನ್ನು ತಿನ್ನುವುದಕ್ಕೆ ಒಬ್ಬರೂ ಸಿಗಲಿಲ್ಲವಲ್ಲೇ ಎಂದು ಎದೆ ಬಡಿದುಕೊಂಡಳು.

ಅದೇ ಮಧ್ಯಾಹ್ನ ಆಸ್ಪತ್ರೆಯ ಜೀಪು ಬಂತು. ದೊಡ್ಮನೆಯ ಪುಷ್ಪಮ್ಮನ ಮೊಮ್ಮಗ ರಕ್ಷಿತನಿಗೆ ಜ್ವರ, ಕುತ್ತಿಗೆ ಬಗ್ಗುತ್ತಿಲ್ಲ, ಹಿಡಿಯುವವರಿಲ್ಲ.

"ಹೋಪುದ್ ಬ್ಯಾಡ" ಎಂದ ಗುರುವ.

"ಆ ಶಿಶು ಎಂತ ಮಾಡಿತ್?" ಎಂದು ಬೇಬಿ ಎದ್ದಳು. ಉಗುರಿನ ಸಂದಿಯಲ್ಲಿ ಇನ್ನೂ ಗುಂಡಿಯ ಮಣ್ಣಿತ್ತು.

ಅವಳು ಮಗುವನ್ನು ಬಗ್ಗಿಸಿ ತಬ್ಬಿ ಹಿಡಿದಳು. ಅದೇ ಬಿಸಿ ಮೈ, ಅದೇ ಹುಳಿ ವಾಸನೆ. ಅವಳ ಕಣ್ಣೆದುರೇ ಲೀಲಾಧರ ಪೆಟ್ಟಿಗೆಯ ಸೀಲ್ ಹರಿದ. ಉದ್ಘಾಟನೆಗೆ ಇನ್ನೂ ಒಂದು ದಿನ ಇತ್ತು. ಮೂರು ಹನಿ ಹಾಕಿದರು. ಎರಡು ಗೆರೆ ಬಂತು. ಗೆರೆ ಬಂದ ಮರುಕ್ಷಣ ಸೂಜಿ, ಕಾರು, ದೊಡ್ಡಾಸ್ಪತ್ರೆ. ಮಗು ಉಳಿಯಿತು.

ಶುಕ್ರವಾರ ಪುಷ್ಪಮ್ಮ ಆಸ್ಪತ್ರೆಯ ಹಿಂಬಾಗಿಲಿಗೆ ಬಂದು, ಬಾಳೆಲೆಯ ಪೊಟ್ಟಣವೊಂದನ್ನು ಮೆಟ್ಟಿಲ ಮೇಲಿಟ್ಟರು, ಕೈಗೆ ಕೊಡಲಿಲ್ಲ.

"ತಿನ್ ಬೇಬಿ. ನಿನ್ ಅಬ್ಬಿ ಇದ್ದಿದ್ರೆ ಬಾಯ್ ಮುಚ್ಕಂಡ್ ತಿಂತಿದ್ಲ್. ನಮ್ ರಕ್ಷಿತನ್ ದೋಷ ಪೂರ್ತಿ ಕಳೀಕ್."

ಬೇಬಿ ಎಲೆ ಬಿಚ್ಚಿದಳು. ಅನ್ನದ ಒಳಗೆ ಎಳೆಯ ಕೂದಲು. ಅಷ್ಟರಲ್ಲಿ ಲೀಲಾಧರ ಒಂದು ಕಾಗದ ಆಡಿಸುತ್ತ ಕರೆದ.

"ನಿನ್ ಹೆಣ್ಣಿನ್ ರಿಪೋರ್ಟ್ ಬಂತ್ ಕಾಣ್. ಎಂತ ಕ್ರಿಮಿಯೂ ಬೆಳೀಲಿಲ್ಲೆ ಅಂಬ್ರ್. ಇನ್ನ್ ಸುಮ್ನೆ ಆಸ್ಪತ್ರೆ ಮೇಲೆ ತಪ್ಪ್ ಹೊರ್ಸ್ಬ್ಯಾಡ."

ಕ್ಯಾಪ್ಸೂಲ್ ನುಂಗಿದ ಮೈಯ ನೀರಿನಲ್ಲಿ ಕ್ರಿಮಿ ಬೆಳೆಯದೆ ಇರಬಹುದು, ಪಟ್ಟಿ ಮಾತ್ರ ಆಗಲೂ ರೋಗ ಹಿಡಿದೀತು ಎಂದು ಯೋಜನೆಯವರು ನಿನ್ನೆ ಸಭೆಯಲ್ಲಿ ಹೇಳಿದ್ದರು. ಚಾ ಲೋಟ ಎತ್ತುತ್ತಿದ್ದ ಬೇಬಿ ಅದನ್ನು ಕೇಳಿಸಿಕೊಂಡಿದ್ದಳು. ತೊಳೆಯಬೇಕಾದ ಬಾಟಲಿಗಳಲ್ಲಿ ಒಂದನ್ನು ಅವಳು ತೊಳೆದಿರಲಿಲ್ಲ. ಮಗಳ ಬೆನ್ನಿನ ಮಿಕ್ಕ ನೀರಿನ ಸಮೇತ ಫ್ರಿಜ್ಜಿನ ಮೂಲೆಗೆ ಸರಿಸಿಟ್ಟಿದ್ದಳು.

ಅವಳು ಪೊಟ್ಟಣ ಹಿಡಿದೇ ಒಳಗೆ ಬಂದಳು. ಫ್ರಿಜ್ಜಿನಿಂದ ಬಾಟಲಿ ತೆಗೆದಳು, ಪೆಟ್ಟಿಗೆಗೆ ಕೈ ಹಾಕಿ ಒಂದು ಪಟ್ಟಿಯ ಕವರು ಹರಿದಳು.

"ಹ್ವಾಯ್! ಕೊರಗತಿ, ಹುಚ್ಚ್ ಹಿಡ್ದಿತ್ತಾ ನಿಂಗೆ?"

"ಹತ್ರ ಬಂದ್ರೆ ಈ ಬಾಟ್ಲಿ ನಿನ್ ಮುಖಕ್ಕೇ ಒಡೀತೆ."

ಲೀಲಾಧರ ನಿಂತಲ್ಲೇ ನಿಂತ. ಮೂರು ಹನಿ ಬಿಟ್ಟು ಬೇಬಿ ಡಾಕ್ಟರ ಕುರ್ಚಿಯಲ್ಲೇ ಕೂತಳು. ಒಂಬತ್ತು ವರ್ಷದಲ್ಲಿ ಅದನ್ನು ಒರೆಸಿದ್ದಳೇ ಹೊರತು ಕೂತವಳಲ್ಲ. ಗದ್ದಲ ಕೇಳಿ ಡಾಕ್ಟರು ಬಂದರು, ಪುಷ್ಪಮ್ಮ ಬಾಗಿಲಲ್ಲಿ ಇಣುಕಿದರು.

ಮೊದಲ ಗೆರೆ ಮೂಡಿತು. ಎರಡನೆಯದು ಬಾರದಿರಲಿ ಎಂದು ಬೇಬಿ ಒಂದು ಗಳಿಗೆ ಬೇಡಿಕೊಂಡಳು. ಬಾರದಿದ್ದರೆ, ಸೋಮವಾರವೇ ಪಟ್ಟಿ ಹಾಕಿದ್ದರೂ ಮಗಳು ಉಳಿಯುತ್ತಿರಲಿಲ್ಲ ಎಂದಾದರೂ ಸಮಾಧಾನವಾಗುತ್ತಿತ್ತು. ಅದೂ ಬಂತು, ಸ್ಪಷ್ಟವಾಗಿ, ಕೆಂಪಗೆ.

ಬೇಬಿ ಆ ಪಟ್ಟಿಯನ್ನು ಎತ್ತಿ ಪೊಟ್ಟಣದ ಅನ್ನದ ಮೇಲಿಟ್ಟಳು. ಎಲೆಯನ್ನು ಮೇಜಿನ ನಡುವಿಗೆ ತಳ್ಳಿದಳು.

"ಇದ್ ನನ್ ಹೆಣ್ಣಿನ್ ರೋಗ. ನಿಮ್ ಮಕ್ಳದ್ದೆಲ್ಲ ನಾವ್ ತಿಂದಾಯ್ತ್. ಇದನ್ನ ಯಾರ್ ತಿಂತ್ರಿ? ಬನ್ನಿ, ಎಲೆ ಮುಂದೆ ಕೂಕಣಿ."