ಆಶ್ರಮದ ಆರು ಸೇರು ಹಾಲು

ಸಪ್ಪಲಮ್ಮನಿಗೆ ಒಂದು ಸಲ ಅನುಮಾನ ಬಂತೆಂದರೆ ಮುಗಿಯಿತು, ಬ್ರಹ್ಮ ಬಂದು ಹೇಳಿದರೂ ಹೋಗುವುದಿಲ್ಲ. ಗವಿಪುರದಲ್ಲಿ ಎರಡು ಹಸು ಕಟ್ಟಿಕೊಂಡು ಹಾಲು ಮಾರಿ ಬದುಕುವ ಹೆಂಗಸು. ಗಂಡ ಸತ್ತು ಒಂಬತ್ತು ವರ್ಷ. ಚಾಮರಾಜಪೇಟೆಯ ಅನಾಥ ಮಕ್ಕಳ ಆಶ್ರಮಕ್ಕೆ ದಿನಾ ಆರು ಸೇರು ಹಾಲು ಹಾಕುವ ಕಾಯಂ ವರ್ತನೆ ಅವಳದು. ಹಸುಗಳ ಹಿಂಡಿ ಬೂಸಾ, ಅವಳ ಹೊತ್ತಿನ ಮುದ್ದೆ, ಎಲ್ಲ ಆ ಆರು ಸೇರಿನಲ್ಲೇ ಹುಟ್ಟಬೇಕು. ಅದು ತಪ್ಪಿದರೆ ಹಸು ಮಾರದೆ ಗತಿಯಿಲ್ಲ. ಐವತ್ತೇಳನೇ ಇಸವಿಯ ಯುಗಾದಿ ಕಳೆದ ವಾರಕ್ಕೆ ಆ ವರ್ತನೆ ನಿಂತೇಹೋಯಿತು.

ನಿಲ್ಲಿಸಿದವರು ಆಶ್ರಮದ ಮ್ಯಾನೇಜರು ಏಕಾಂತಯ್ಯ. ಅಮೆರಿಕದಿಂದ ಹಾಲಿನ ಪುಡಿ ಬಂದಿದೆ, ಪುಕ್ಕಟೆ, ಬಿಸಿನೀರಿಗೆ ಕಲಸಿದರೆ ಹಾಲು, ಇನ್ನು ನೀನು ತರಬೇಡ ಎಂದರು. ಸಪ್ಪಲಮ್ಮ ಅವರ ಮುಖವನ್ನೇ ನೋಡಿದಳು. ಹಾಲು ಪುಡಿಯಾಗುವುದುಂಟೆ? ಆಯಿತೆಂದೇ ಇಟ್ಟುಕೊಳ್ಳೋಣ, ಅದನ್ನು ಸಮುದ್ರ ದಾಟಿಸಿ ಬಿಟ್ಟಿ ಕೊಡುವ ಪುಣ್ಯಾತ್ಮ ಯಾರಪ್ಪ? ಒಂದು ಪಾವು ರಾಗಿ ಕಡ ಕೇಳಿದರೆ ಪಕ್ಕದ ಮನೆಯವರೇ ಮುಖ ತಿರುಗಿಸುವ ಕಾಲ. ಪುಡಿಗಿಡಿಯೆಲ್ಲ ಬರೀ ನೆಪ, ಯಾರೋ ನನ್ನ ಅನ್ನಕ್ಕೆ ಕಲ್ಲು ಹಾಕಿದ್ದಾರೆ ಎಂದು ಅಲ್ಲೇ ನಿಂತು ತೀರ್ಮಾನಿಸಿಬಿಟ್ಟಳು.

ಮೊದಲು ಅನುಮಾನ ಹೋದದ್ದು ಹಿಂದಿನ ಬೀದಿಯ ಮುನಿಕೃಷ್ಣಪ್ಪನ ಮೇಲೆ. ಆದರೆ ಅವನ ಎಮ್ಮೆ ಬತ್ತಿ ತಿಂಗಳಾಗಿತ್ತು. ಉಳಿದವಳು ದ್ರೌಪದಮ್ಮ. ಮೂರು ಮನೆ ಆಚೆಯವಳು, ಅವಳೂ ಹಾಲಿನವಳೇ, ಇವಳಿಗಿಂತ ಹಿರಿಯಳು. ಸಪ್ಪಲಮ್ಮನ ಗಂಡ ಸತ್ತಾಗ ಹನ್ನೊಂದು ದಿನ ಇವಳ ಹಸುಗಳನ್ನು ಕರೆದು ಮನೆಮನೆಗೂ, ಆಶ್ರಮಕ್ಕೂ ಹಾಲು ಮುಟ್ಟಿಸಿದ ಮಹಾತಾಯಿ. ಆಶ್ರಮದ ದಾರಿ ಅವಳಿಗೆ ಗೊತ್ತಾದದ್ದೂ ಆವಾಗಲೇ ಅಲ್ಲವೇ! ಸಪ್ಪಲಮ್ಮನ ಎದೆ ಉರಿದುಹೋಯಿತು.

ಗಮನವಿಟ್ಟು ನೋಡಿದರೆ ಎಲ್ಲವೂ ಅದಕ್ಕೆ ತಾಳೆಯಾಗುತ್ತ ಬಂತು. ದ್ರೌಪದಮ್ಮನ ಕೊಟ್ಟಿಗೆಯ ಬಾಗಿಲು ಹಗಲೆಲ್ಲ ಮುಚ್ಚಿರುತ್ತಿತ್ತು. ಹಸುಗಳೆಲ್ಲಿ ಎಂದರೆ ಕೆಂಗೇರಿಯ ತಂಗಿ ಮನೆಗೆ ಮೇಯಲು ಕಳಿಸಿದ್ದೇನೆ ಅಂದಳು, ಅದೂ ನೆಲ ನೋಡಿಕೊಂಡು. ಬೆಳಗಾಗುತ್ತಲೇ ಚೊಂಬಿನ ಮೇಲೆ ಸೆರಗು ಮುಚ್ಚಿಕೊಂಡು ಎಲ್ಲಿಗೋ ಹೋಗುತ್ತಿದ್ದಳು. ಒಂದು ದಿನ ಸಪ್ಪಲಮ್ಮ ಹಿಂದೆಯೇ ಹೋದಳು. ದ್ರೌಪದಮ್ಮ ಸೀದಾ ಆಶ್ರಮದ ಹಿತ್ತಲ ಬಾಗಿಲಲ್ಲಿ ಒಳಗೆ ನುಗ್ಗಿದಳು.

ಸಪ್ಪಲಮ್ಮ ಎದುರಿನ ಹೊಂಗೆ ಮರದಡಿ ಹನ್ನೊಂದು ಗಂಟೆಯವರೆಗೆ ಹಲ್ಲು ಕಚ್ಚಿಕೊಂಡು ಕೂತಳು. ದ್ರೌಪದಮ್ಮ ಹೊರಬಂದದ್ದೇ, ಚೊಂಬಿನ ತಳದಲ್ಲಿ ಉಳಿದ ಹಾಲೇ ಸಾಕ್ಷಿ ಎಂದುಕೊಂಡು ಅಡ್ಡ ನಿಂತಳು.

"ಚೊಂಬು ಬೋರಲು ಹಾಕು."

ಮನೆ ಬಾಗಿಲಲ್ಲಿ ಹಸು ಕರೆಯುವ ಮುಂಚೆ, ಒಳಗೆ ನೀರಿಲ್ಲವೆಂದು ತೋರಿಸಲು ಹಾಲಿನವರು ಚೊಂಬನ್ನು ಬೋರಲು ಹಾಕಿ ತೋರಿಸಬೇಕು. ಕೊಳ್ಳುವವರು ಕೇಳಬಹುದು, ಕೇಳುತ್ತಾರೆ. ಒಬ್ಬ ಹಾಲಿನವಳು ಇನ್ನೊಬ್ಬಳನ್ನು ಹಾಗೆ ಕೇಳಿದ್ದನ್ನು ಗವಿಪುರದಲ್ಲಿ ಯಾರೂ ಕಂಡಿರಲಿಲ್ಲ. ಮುಖಕ್ಕೆ ಉಗಿದರೂ ಅಷ್ಟು ಅವಮಾನವಿಲ್ಲ.

"ಸಪ್ಪಲೀ, ಬೀದೀಲಿ ಬೇಡ ಕಣೇ. ಮನೇಗ್ ಬಾ, ಹೇಳ್ತೀನಿ," ಅಂದಳು ದ್ರೌಪದಮ್ಮ.

ಸಪ್ಪಲಮ್ಮ ಜಗ್ಗಲಿಲ್ಲ. ದಾರಿಹೋಕರು ನಿಂತು ನೋಡತೊಡಗಿದರು. ದ್ರೌಪದಮ್ಮ ಕಣ್ಣು ಮುಚ್ಚಿಕೊಂಡು ಚೊಂಬನ್ನು ಬೋರಲು ಹಾಕಿಯೇಬಿಟ್ಟಳು.

ಬಿದ್ದದ್ದು ನೀರು ನೀರಾದ ಬಿಳಿಯ ದ್ರವ, ಅದರಲ್ಲಿ ಕರಗದ ಪುಡಿಯ ಗಂಟುಗಳು. ಬಣ್ಣ ನೋಡಿಯೇ ಯಾರ ಮನೆಯ ಹಸುವಿನದೆಂದು ಹೇಳಬಲ್ಲ ಸಪ್ಪಲಮ್ಮನಿಗೆ, ಇದು ತಾನು ಕಂಡ ಯಾವ ಹಸುವಿನದೂ ಅಲ್ಲವೆಂದು ತಿಳಿಯಿತು. ದ್ರೌಪದಮ್ಮನ ಬೆರಳುಗಳನ್ನು ಈಗ ನೋಡಿದಳು. ನೀರಲ್ಲಿ ನೆನೆದು ಸುಕ್ಕಾಗಿದ್ದವು, ಉಗುರಿನ ಸಂದಿಯಲ್ಲೆಲ್ಲ ಬೂದಿ.

"ಮೊಮ್ಮಗೂಗೆ ಅಂತ ತಳದಲ್ಲಿ ಉಳಿದಿದ್ದು ಕೊಡ್ತಾರೆ. ಇವತ್ತಿಂದು ಮಣ್ಣಾಯ್ತು," ಅಂದಳು ದ್ರೌಪದಮ್ಮ.

ಆಮೇಲೆ ಮರದಡಿ ಕೂತು ಎಲ್ಲ ಹೇಳಿದಳು. ಅವಳು ಹಾಲು ಹಾಕುತ್ತಿದ್ದ ಶಿಶುವಿಹಾರಕ್ಕೆ ಪುಡಿ ಬಂದದ್ದು ದೀಪಾವಳಿಗೇ. ಸಂಕ್ರಾಂತಿಯ ಹೊತ್ತಿಗೆ ಹಸುಗಳೆಲ್ಲ ಮಾರಿಹೋಗಿ ಕೊಟ್ಟಿಗೆ ಖಾಲಿ. ಹೇಳಿಕೊಳ್ಳಲು ನಾಚಿಕೆಯಾಗಿ ಕೆಂಗೇರಿಯ ಕಥೆ ಕಟ್ಟಿದ್ದಳು. ಈಗ ಆಶ್ರಮದ ಪಾತ್ರೆ ಉಜ್ಜುತ್ತಾಳೆ. ಏಕಾಂತಯ್ಯನವರು ಪೇಪರು ಓದಿ ಹೇಳಿದ್ದರಂತೆ: ಅಮೆರಿಕದಲ್ಲಿ ಹಾಲು ಹೆಚ್ಚಾಗಿ ಬೆಲೆ ಬೀಳುವ ಹಾಗಾದರೆ ಸರ್ಕಾರವೇ ಕೊಂಡುಕೊಳ್ಳುತ್ತದೆ, ಹಸು ಸಾಕಿದವರಿಗೆ ಒಂದು ಬಿಡಿಗಾಸೂ ನಷ್ಟವಿಲ್ಲ. ಕೊಂಡ ಹಾಲನ್ನು ಏನು ಮಾಡುವುದು? ಒಣಗಿಸಿ ಹಡಗಿಗೆ ಹಾಕುತ್ತಾರೆ. ಮೊದಲು ಸರದಿಯ ಮೇಲೆ ದಿನ ಬಿಟ್ಟು ದಿನ ಅರ್ಧ ಲೋಟ ಕುಡಿಯುತ್ತಿದ್ದ ಆಶ್ರಮದ ಮಕ್ಕಳು ಈಗ ದಿನಾ ಒಂದು ಲೋಟ ಕುಡಿಯುತ್ತಾರೆ. ಹಾಗಾಗಿ ಶಾಪ ಹಾಕುವ ಹಾಗೂ ಇಲ್ಲ.

ಸಪ್ಪಲಮ್ಮನ ಅನುಮಾನ ಇನ್ನೂ ಸಾಯಲಿಲ್ಲ. "ಅಲ್ಲಕ್ಕಾ, ಆ ಸರ್ಕಾರಕ್ಕೆ ನಮ್ಮೇಲೇನು ಹಗೆ?"

"ಹಗೆ ಎಲ್ಲಿ ಬಂತೇ? ನಾವಿಬ್ರು ಇದೀವಿ ಅಂತ್ಲೇ ಅವ್ರಿಗೆ ಗೊತ್ತಿಲ್ಲ."

ಸಪ್ಪಲಮ್ಮನಿಗೆ ಅಳು ಬಂತು. ಇವಳೇ ಕಳ್ಳಿಯಾಗಿದ್ದರೆ ಎಷ್ಟೋ ಚೆನ್ನಾಗಿತ್ತು, ಜುಟ್ಟು ಹಿಡಿದು ಜಗಳವಾಡಿಯಾದರೂ ವರ್ತನೆ ವಾಪಸು ತರಬಹುದಿತ್ತು ಅನ್ನಿಸಿತು. ತಪ್ಪಾಯಿತಕ್ಕಾ ಎಂದು ಅವಳ ಕೈ ಹಿಡಿದುಕೊಂಡಳು. ದ್ರೌಪದಮ್ಮ ಕೈ ಬಿಡಿಸಿಕೊಳ್ಳಲಿಲ್ಲ. ಪಾತ್ರೆ ಉಜ್ಜಲು ಇನ್ನೊಬ್ಬಳು ಬೇಕಂತೆ, ಬರುತ್ತೀಯಾದರೆ ಹೇಳು ಅಂದಳು.

ಸಪ್ಪಲಮ್ಮ ಖಾಲಿ ಚೊಂಬನ್ನು ತೆಗೆದುಕೊಂಡು ಸೆರಗಿನಿಂದ ಒರೆಸಿದಳು.

"ಒಂದು ಹಸು ಮಾರಿದ್ರೆ ಸಾಕಾಗುತ್ತೇನಕ್ಕಾ?"

"ನಾನೂ ಮೊದ್ಲು ಒಂದನ್ನೇ ಮಾರಿದ್ದು," ಅಂದಳು ದ್ರೌಪದಮ್ಮ.