ಬೆನ್ನು ಹತ್ತಿದ್ದು

ಲೈಫ್ ಜಾಕೆಟ್ಟಿನ ಬಕಲ್ ಹೊಟ್ಟೆಯ ಮೇಲೆ ಕೂಡಿಕೊಳ್ಳಲಿಲ್ಲ. ಅನಂತನಿಗೆ ಅಲ್ಲಿಂದಲೇ ತಲೆ ಕೆಡಲು ಶುರುವಾಯಿತು. ಉಸಿರು ಬಿಗಿಹಿಡಿದು ಒಂದು ಸಲ ಎಳೆದ, ಮತ್ತೊಂದು ಸಲ ಎಳೆದ, ಕೊನೆಗೆ ಮುಳುಗಿದರೆ ಮುಳುಗಲಿ ಎಂದು ಬಾಡಿಗೆ ದೋಣಿಯ ಸೀಟಿನ ಮೇಲೆ ಧೊಪ್ಪೆಂದು ಕೂತ. ಎದುರಿಗೆ ಹೆಂಡತಿ ಚಂದ್ರಪ್ರಭಾ. ಹ್ಯೂಸ್ಟನ್ನಿನಲ್ಲಿ ಮೂವತ್ತು ವರ್ಷ ಹೆರಿಗೆ ಡಾಕ್ಟರಾಗಿದ್ದು ನಿವೃತ್ತಳಾದವಳು ಈಗ ಗೇಣುದ್ದದ ರಬ್ಬರ್ ಮೀನೊಂದನ್ನು ಎಳೆಗೂಸಿನ ಹಾಗೆ ಅಂಗೈ ಮೇಲೆ ಮಲಗಿಸಿಕೊಂಡು, ಅದರ ಹೊಟ್ಟೆಯ ಕೆಳಗಿನ ಗಾಳದ ಮೊನೆಯನ್ನು ಉಗುರಿಗೆ ತಾಗಿಸಿ ನೋಡುತ್ತಿದ್ದಳು.

"ಹತ್ತಕ್ಕ ನಿಖಿತಾ ಮನ್ಯಾಗ ದ್ವಾಸಿ," ಅನಂತ ನೆನಪಿಸಿದ. "ಮಾತಂದ್ರ ಮಾತು."

"ಗೊತ್ತೈತ್ರಿ. ಸುಮ್ಮ ಕೂಡ್ರಿ, ದೋಣಿ ಅಲಗಾಕತ್ತೈತಿ."

ನಿಖಿತಾ ಅನಂತನ ತಮ್ಮನ ಮಗಳು. ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನಲ್ಲಿ ಮನೆ, ಟೇಲರ್ ಎಂಬ ಊರಿನ ಚಿಪ್ ಕಾರ್ಖಾನೆಯಲ್ಲಿ ಕೆಲಸ. ಶುಕ್ರವಾರ ಸಂಜೆಯೇ ಹ್ಯೂಸ್ಟನ್ನಿನಿಂದ ಡ್ರೈವ್ ಮಾಡಿಕೊಂಡು ಬಂದು ಅವಳ ಮನೆಯಲ್ಲಿ ಉಳಿದಿದ್ದರು. ಬೆಳಕು ಹರಿಯುವಷ್ಟರಲ್ಲಿ ಚಂದ್ರಪ್ರಭಾ ಚಪಾತಿಗೆ ಶೇಂಗಾ ಚಟ್ನಿ ಸವರಿ, ಸುರುಳಿ ಸುತ್ತಿ, ಡಬ್ಬಿಗೆ ಹಾಕಿ ಕಾರಿನ ಪಕ್ಕ ನಿಂತಾಗಿತ್ತು. ಆ ಹುರುಪು ನೋಡಿಯೇ ಅನಂತನಿಗೆ ಮೈ ಉರಿದಿತ್ತು.

ಉರಿಯದೆ ಏನು ಮಾಡೀತು? ಮದುವೆಯಾದಾಗಿನಿಂದ ಈ ಮನುಷ್ಯ ಬಯಸಿದ್ದು ಒಂದೇ: ಬೆಳಿಗ್ಗೆ ಹೆಂಡತಿಯ ಜೊತೆ ಕೂತು ತಿಂಡಿ ತಿನ್ನುವುದು. ಬಿಸಿ ಉಪ್ಪಿಟ್ಟು, ಮೇಲೆ ಚಹಾ, ಮಾತು ಬೆಳೆದರೆ ಇನ್ನೊಂದು ಚಹಾ. ಅಷ್ಟೇ. ಅದೇನು ದೊಡ್ಡ ಆಸೆಯೇ? ಆದರೆ ಹ್ಯೂಸ್ಟನ್ನಿನ ಮಕ್ಕಳೆಲ್ಲ ಅವನು ಉಪ್ಪಿಟ್ಟು ಬಡಿಸಿಕೊಳ್ಳುವುದನ್ನೇ ಕಾದು ಹುಟ್ಟುತ್ತಿದ್ದವು. ಫೋನು ಬಡಿದುಕೊಳ್ಳುತ್ತಿತ್ತು, ಅವಳು ಎದ್ದು ಓಡುತ್ತಿದ್ದಳು, ಅವಳ ಅರ್ಧ ತಿಂದ ತಟ್ಟೆಯ ಮೇಲೆ ಅನಂತ ಇನ್ನೊಂದು ತಟ್ಟೆ ಮುಚ್ಚುತ್ತಿದ್ದ. ಆಯಿತು, ನಿವೃತ್ತಿಯಾಗಲಿ ಎಂದು ಹಲ್ಲು ಕಚ್ಚಿಕೊಂಡು ಕಾದ. ನಿವೃತ್ತಿಯಾಯಿತು. ಫೋನು ಬಾಯಿ ಮುಚ್ಚಿತು. ಮೀನು ಬಂತು!

ಬೆಂಕಿ ಹಚ್ಚಿದವನು ಮಗ ಯಶಸ್. ಹಿಂದಿನ ವರ್ಷದ ಚಳಿಗಾಲದಲ್ಲಿ ಡಾಲಸ್ ಹತ್ತಿರ ಅಲೆನ್‌ನಲ್ಲಿರುವ ಅವನ ಮನೆಗೆ ಹೋದಾಗ, ಹೊತ್ತು ಹೋಗಲಿ ಎಂದು ತಾಯಿಯನ್ನು ಪಕ್ಕದ ಕೆರೆಗೆ ಕರೆದುಕೊಂಡು ಹೋದ. ಮೊದಲು ಸಣ್ಣ ಪ್ಲಾಸ್ಟಿಕ್ ಹುಳು ಕೊಟ್ಟ. ಅವಳು ಒಂದೆರಡು ಮೀನು ಹಿಡಿದು, ಅಯ್ಯೋ ಪಾಪ ಎಂದು ವಾಪಸ್ ಬಿಟ್ಟಳು. ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆಮೇಲೆ ಆ ಪುಣ್ಯಾತ್ಮ ಪೆಟ್ಟಿಗೆಯಿಂದ ಈ ಗೇಣುದ್ದದ ರಬ್ಬರ್ ಮೀನು ತೆಗೆದ. ನೀರಿನಲ್ಲಿ ಎಳೆದರೆ ಬಾಲ ಬಡಿಯುತ್ತ ನಿಜವಾದ ಮೀನಿನ ಹಾಗೇ ಈಜುವ ಇದಕ್ಕೆ ಸ್ವಿಮ್‌ಬೇಟ್ ಎಂದು ಹೆಸರು. "ಸಣ್ಣವು ಇದಕ್ಕೆ ಬರಲ್ಲ ಮಮ್ಮಿ. ಓನ್ಲಿ ದಿ ಬಿಗ್ ಒನ್ಸ್," ಎಂದ. ಅವಳು ಎಸೆದಳು. ಕೆರೆಯ ತಳದಿಂದ ತೋಳುದ್ದದ ಬಾಸ್ ಜಾತಿಯ ಮೀನೊಂದು ಎದ್ದು, ಅವಸರವಿಲ್ಲದೆ ಅವಳ ಬೂಟಿನ ಮುಂದಿನ ನೀರಿನವರೆಗೆ ರಬ್ಬರ್ ಮೀನಿನ ಹಿಂದೆ ಬಂದು, ಒಂದು ಕ್ಷಣ ನೋಡಿ, ಮುಖ ತಿರುಗಿಸಿ ಹೋಯಿತು.

ಅಲೆನ್‌ನಿಂದ ಹ್ಯೂಸ್ಟನ್ನಿಗೆ ವಾಪಸ್ ಬರುವಾಗ ಅವಳು ದಾರಿಯಲ್ಲಿ ಸಿಕ್ಕ ಪ್ರತಿ ಕೆರೆಯನ್ನೂ ಕತ್ತು ಹೊರಳಿಸಿ ನೋಡಿದಳು. ಆಮೇಲೆ ಹೇಳಿದ್ದು ಒಂದೇ ಮಾತು.

"ಬೆನ್ನು ಹತ್ತಿತ್ರೀ ಅದು."

ಯಾರು ಯಾರ ಬೆನ್ನು ಹತ್ತಿದ್ದು ಅಂತ ಅನಂತ ಅವತ್ತೇ ಕೇಳಬೇಕಿತ್ತು. ಕೇಳಲಿಲ್ಲ. ಯಶಸ್ ತನ್ನ ಹಳೆಯ ಗಾಳದ ರಾಡು, ಪೆಟ್ಟಿಗೆ ಎಲ್ಲ ತಾಯಿಗೆ ಕೊಟ್ಟು ತಾನು ಆರಾಮಾಗಿ ಗಾಲ್ಫಿಗೆ ಶಿಫ್ಟ್ ಆದ. ಇವಳು ವಾರಕ್ಕೊಂದು ಕೆರೆ ಹುಡುಕಿಕೊಂಡು ಹೊರಟಳು. ಅಂದಿನಿಂದ ಇಂದಿನವರೆಗೆ ಆ ರಬ್ಬರ್ ಮೀನಿಗೆ ಒಂದೇ ಒಂದು ಮೀನು ಬಾಯಿ ಹಾಕಿಲ್ಲ. ಬಾಯಿ ಹಾಕುವುದಿರಲಿ, ಇನ್ನೊಂದು ಸಲ ಬೆನ್ನು ಹತ್ತಿಯೂ ಇಲ್ಲ. ಹೋಗಲಿ, ಖುಷಿಯಾಗಿಯಾದರೂ ಮನೆಗೆ ಬರುತ್ತಾಳಾ ಎಂದರೆ ಅದೂ ಇಲ್ಲ. ಮುಖ ಊದಿಸಿಕೊಂಡು ಬರುತ್ತಾಳೆ, ಸ್ನಾನ ಮಾಡುತ್ತಾಳೆ, ಮುಂದಿನ ಶನಿವಾರದ ಹವಾಮಾನ ನೋಡುತ್ತಾಳೆ. "ಮೂವತ್ತು ವರ್ಷ ನಾ ಆಫೀಸಿನ್ಯಾಗ ಬಾಸ್ ಹಿಂದ ಓಡಿದೆ, ಈಗ ನೀ ಶುರು ಮಾಡಿದಿ," ಎಂದು ಅನಂತ ಅಂದರೆ ನಗುವುದೂ ಇಲ್ಲ.

ಮೊಟ್ಟೆ ಕೂಡ ಹೊಸಿಲು ದಾಟದ ಮನೆ ಅದು. ಸಂಕ್ರಾಂತಿಗೆ ಕುಸರೆಳ್ಳು ಕೊಡಲು ಬಂದ ಕನ್ನಡ ಬಳಗದ ಸರೋಜಾ ಕೈ ತೊಳೆಯಲು ಬಚ್ಚಲಿಗೆ ಹೋದವಳು ಕಿಟಾರನೆ ಕಿರುಚಿದಳು. ಷವರಿನ ಸರಳಿಗೆ ಮೂರು ರಬ್ಬರ್ ಮೀನು ಒಣಗಲು ನೇತಾಡುತ್ತಿದ್ದವು. ಅವು ರಬ್ಬರಿನವು ಎಂದು ಅನಂತ ಎಷ್ಟು ಬಡಿದುಕೊಂಡರೂ ಆಕೆ ನಂಬಲಿಲ್ಲ. ವಾರದೊಳಗೆ ಬಳಗದಲ್ಲೆಲ್ಲ ಡಾಕ್ಟರ ಮನೆಯಲ್ಲಿ ಮೀನು ಶುರುವಾಗಿದೆ ಎಂದು ಸುದ್ದಿ. ಅನಂತ ಅವತ್ತು ಹೆಂಡತಿಯನ್ನು ಕೂರಿಸಿಕೊಂಡು ತೀರ್ಮಾನಕ್ಕೆ ಎಳೆದ.

"ಮಾರ್ಚಿನ್ಯಾಗ ಆಸ್ಟಿನ್ನಿಗೆ ಹೋಗ್ತೀನಿ ಅಂತಿದ್ದೆಲ್ಲಾ, ದೊಡ್ಡವು ದಂಡಿಗೆ ಬರ್ತಾವ ಅಂತ? ನಾನೂ ಬರ್ತೀನಿ. ಮುಂಜಾನೆ ಹತ್ತರೊಳಗ ಒಂದು ಕಚ್ಚಿತಂದ್ರ ನಾ ಜಲ್ಮದಾಗ ಬಾಯಿ ಬಿಚ್ಚೂದಿಲ್ಲ. ಕಚ್ಚಲಿಲ್ಲಂದ್ರ ರಾಡು, ಪೆಟ್ಟಿಗಿ ಎಲ್ಲಾ ಯಶಸ್‌ಗ ವಾಪಸ್. ಶನಿವಾರ ನನಗ."

ಅವಳು ಚೌಕಾಸಿಗಿಳಿದಳು. "ಕಚ್ಚದಿದ್ರೂ, ಬೆನ್ನು ಹತ್ತಿದ್ರ?"

ವರ್ಷದಿಂದ ಆಗದ್ದು ಅವತ್ತು ಆಗುತ್ತದೆಯೇ! ಅನಂತ ಧಾರಾಳವಾಗಿ, "ಬೆನ್ನು ಹತ್ತಿದ್ರೂ ನೀನ ಗೆದ್ದಿ, ಹೋಗ," ಎಂದಿದ್ದ.

ಹಾಗೆ ಈ ದೋಣಿ, ಈ ಕೆರೆ, ಈ ಕೂಡದ ಬಕಲ್. ಚಂದ್ರಪ್ರಭಾ ಎಸೆದಳು. ಆ ಭಾರದ ರಬ್ಬರ್ ಮೀನು ತೆಂಗಿನಕಾಯಿ ಬಿದ್ದ ಹಾಗೆ ನೀರಿಗೆ ಬಿತ್ತು. ದಾರವನ್ನು ಮೆಲ್ಲಗೆ ಸುತ್ತಿದಳು. ಏನಿಲ್ಲ. ಎಸೆದಳು, ಸುತ್ತಿದಳು, ಏನಿಲ್ಲ. ದಂಡೆಯ ದೊಡ್ಡ ಮನೆಗಳ ಗಾಜಿಗೆ ಬಿಸಿಲು ಬಿತ್ತು. ದೋಣಿಯ ಮೋಟಾರು ಗುಂಯ್ ಎಂದು ಜಾಗ ಬದಲಿಸಿತು. ಮತ್ತೆ ಎಸೆದಳು. ಪ್ರತಿ ಸಲ ಜಾಗ ಬಿಡುವ ಮೊದಲು, "ಇದೊಂದ ಸಲ, ಕಡೀದು," ಎನ್ನುತ್ತಿದ್ದಳು. ಎಂಟು ಹತ್ತು 'ಕಡೀದು' ಆದ ಮೇಲೆ ಅನಂತ ಎಣಿಸುವುದು ಬಿಟ್ಟ. ಕೂತು ಕೂತು ಸೊಂಟ ಹಿಡಿದಿತ್ತು, ಕಿವಿ ಸುಡುತ್ತಿತ್ತು. ಆದರೂ ಒಳಗೊಳಗೇ ಒಂದು ಸಮಾಧಾನ, ಗಡಿಯಾರ ತನ್ನ ಕಡೆ ಇದೆ ಎಂದು.

ಒಂಬತ್ತೂವರೆ ದಾಟಿತ್ತು. ಆಗಷ್ಟೇ ದೂರಕ್ಕೆ ಎಸೆದಿದ್ದ ಅವಳು ಇದ್ದಕ್ಕಿದ್ದಂತೆ ಭುಜ ಹಿಡಿದುಕೊಂಡಳು.

"ಅಯ್ಯಯ್ಯ, ತೋಳು ಹಿಡೀತು. ಇದನ್ನೊಂದೀಟು ಹಿಡೀರಿ. ಮೆಲ್ಲಕ ಸುತ್ತರಿ, ಅವಸರ ಮಾಡಬ್ಯಾಡ್ರಿ. ಮತ್ತ ನಡುವ ನಿಲ್ಲಿಸಬ್ಯಾಡ್ರಿ."

"ನನಗೇನ್ ಬರತೈತಿ ಇದು?"

"ಸುತ್ತೂದರೀ! ಅದರಾಗ ಬರೂದೇನೈತಿ!"

ಅವಳು ಬೆನ್ನು ಮಾಡಿ ಕೂತು ಚೀಲದಲ್ಲಿ ನೋವಿನ ಮುಲಾಮು ಹುಡುಕತೊಡಗಿದಳು. ಅನಂತ ಸುತ್ತಿದ. ಸುತ್ತುತ್ತ ಗಡಿಯಾರ ನೋಡಿದ, ದಂಡೆ ನೋಡಿದ, ನಿಖಿತಾಳ ಕಾವಲಿಯ ಮೇಲಿನ ದೋಸೆ ನೆನೆಸಿಕೊಂಡ. ದೋಣಿಯಿಂದ ಎರಡು ಮಾರು ದೂರದಲ್ಲಿ ರಬ್ಬರ್ ಮೀನು ಬಾಲ ಬಡಿಯುತ್ತ ಬರುವುದು ಕಂಡಿತು. ಅದರ ಹಿಂದೆ ನೆರಳು ಯಾಕೆ ಇದೆ ಎಂದುಕೊಂಡ.

ನೆರಳಿಗೆ ಕಣ್ಣಿತ್ತು.

ಅಷ್ಟು ದೊಡ್ಡ ಜೀವ! ಹಸಿರು ಬೆನ್ನು, ಮುಷ್ಟಿ ಹೋಗುವಷ್ಟು ಬಾಯಿ. ರಬ್ಬರ್ ಮೀನಿನ ಬಾಲಕ್ಕೆ ಮೂತಿ ತಾಗುವಷ್ಟು ಹತ್ತಿರ, ಅದು ಎಷ್ಟು ಮೆಲ್ಲಗೆ ಬಂದರೆ ಅಷ್ಟೇ ಮೆಲ್ಲಗೆ, ದೋಣಿಯ ಪಕ್ಕಕ್ಕೇ ಬಂತು. ಬಂದೇ ಬಿಟ್ಟಿತು. ಕಿವಿರು ತೆರೆದು ಮುಚ್ಚುವುದು ಕಾಣುತ್ತಿತ್ತು. ಅನಂತನ ಕೈ ತನ್ನಷ್ಟಕ್ಕೆ ನಿಂತಿತು. ರಬ್ಬರ್ ಮೀನು ನಿರ್ಜೀವವಾಗಿ ತಲೆ ಕೆಳಗೆ ಮಾಡಿತು. ಆ ದೊಡ್ಡದು ಅದನ್ನು ನೋಡಿತು, ಅನಂತನನ್ನೂ ನೋಡಿತು ಎಂದೇ ಅವನಿಗನಿಸಿತು, ಮತ್ತೆ ಯಾವ ಗಡಿಬಿಡಿಯೂ ಇಲ್ಲದೆ ತಿರುಗಿ ಆಳಕ್ಕೆ ಹೋಯಿತು.

"ಬಂತೇನ್ರೀ ದೋಣಿ ಕಡೆ?" ಚಂದ್ರಪ್ರಭಾ ಮುಖ ತಿರುಗಿಸದೆಯೇ ಕೇಳಿದಳು. ರಬ್ಬರ್ ಮೀನಿನ ಬಗ್ಗೆ ಕೇಳಿದ್ದಳು.

"ಹಾಂ," ಅನಂತ ಅಂದ.

ಯಾರೂ ನೋಡಿರಲಿಲ್ಲ. ಬಾಯಿ ಮುಚ್ಚಿಕೊಂಡು ಕೂತರೆ ಮುಗಿಯಿತು, ಶನಿವಾರ ಅವನದು. ಉಪ್ಪಿಟ್ಟು, ಚಹಾ, ಇನ್ನೊಂದು ಚಹಾ. ಸುಮ್ಮನಿರು, ಸುಮ್ಮನಿರು ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳುತ್ತಲೇ ಆ ನೀರನ್ನು ನೋಡಿದ. ಅಲ್ಲಾ, ಕೈ ಯಾಕೆ ನಿಲ್ಲಿಸಿದೆ? ನಿಲ್ಲಿಸಬೇಡಿ ಅಂತ ಬಾಯಿಬಿಟ್ಟು ಹೇಳಿದ್ದಳಲ್ಲ! ಇನ್ನೆರಡು ಸುತ್ತು ಸುತ್ತಿದ್ದರೆ? ದೋಣಿಯ ಸುತ್ತ ಒಂದು ತಿರುವು ತಿರುವಿದ್ದರೆ? ಥೂ, ಎಂಥ ಮಂಗ ನಾನು! ಎರಡು ನಿಮಿಷದ ಹಿಂದೆ ಈ ಪ್ರಶ್ನೆಗಳು ಅವನ ತಲೆಯಲ್ಲಿ ಇರಲೇ ಇಲ್ಲ.

ಅವಳು ರಾಡು ಇಸಿದುಕೊಂಡು ಇನ್ನೂ ನಾಲ್ಕಾರು ಸಲ ಎಸೆದಳು, ಅದೂ ತಪ್ಪು ದಿಕ್ಕಿಗೆ. ಅನಂತನಿಗೆ ತಡೆಯಲಾಗಲಿಲ್ಲ. "ಆ ಕಡೆ ಅಲ್ಲ, ಈ ಕಡೆ ಒಗಿ," ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡ. ಅವಳು ಅಚ್ಚರಿಯಿಂದ ನೋಡಿದಳಷ್ಟೆ. ಆಮೇಲೆ ಅವಳೇ ಗಡಿಯಾರ ನೋಡಿ, ದಾರ ಪೂರ್ತಿ ಸುತ್ತಿ, ಗಾಳವನ್ನು ರಾಡಿಗೆ ಸಿಕ್ಕಿಸಿದಳು.

"ಆತು ಬಿಡ್ರಿ. ಸೋತೆ," ಅಂದಳು. "ನೀವು ಹೇಳಿದ್ದ ಖರೆ. ಅವತ್ತು ಅದು ಬೆನ್ನು ಹತ್ತಿತ್ತೋ, ನನಗಷ್ಟ ಹಂಗ ಕಂಡಿತ್ತೋ, ಈಗೀಗ ನನಗೂ ನಂಬಿಕಿ ಇಲ್ಲ. ನಡೀರಿ, ದ್ವಾಸಿ ಆರತಾವ."

ಗೆದ್ದಾಗ ಹೀಗಿರುತ್ತದೆ ಎಂದು ಅನಂತ ಅಂದುಕೊಂಡಿರಲಿಲ್ಲ. ಅವಳು ಪೆಟ್ಟಿಗೆಯ ಮುಚ್ಚಳ ಹಾಕಿ, ಚಿಲಕವನ್ನು ಹೆಬ್ಬೆರಳಿನಿಂದ ಒತ್ತಿದಳು. ಅವಳ ಕಣ್ಣು ತುಂಬಿದ್ದು ಕಂಡು ಅವನಿಗೆ ಸಂಕಟವಾಯಿತು. ಅದು ಅವಳಿಗಾಗಿಯೋ ತನಗಾಗಿಯೋ ಅವನಿಗೇ ಗೊತ್ತಾಗಲಿಲ್ಲ.

"ಬಂದಿತ್ತು," ಎಂದ.

"ಏನ್ ಬಂದಿತ್ತು?"

"ಅದ. ಬೆನ್ನು ಹತ್ತಿತ್ತು. ನೀ ಮುಲಾಮು ಹಚ್ಚಾಕತ್ತಿದ್ದಿ. ಇಲ್ಲೇ, ದೋಣಿ ತನಕ ಬಂದಿತ್ತು."

ಅವಳು ಎದ್ದು ನಿಂತಳು. ದೋಣಿ ತೊಯ್ದಾಡಿತು. "ಎಷ್ಟುದ್ದ?"

ಅನಂತ ಎರಡೂ ಕೈ ಅಗಲಿಸಿ ತೋರಿಸಿದ. ಸಾಲದೆನಿಸಿ ಇನ್ನಷ್ಟು ಅಗಲಿಸಿದ.

"ಯಾವ ಕಡೆ ತಿರುಗಿತು? ನೀವು ಸುತ್ತೂದು ನಿಲ್ಲಿಸಿದ್ರೇನು?"

"ನಿಂತುಬಿಟ್ತು ಕೈ. ನಾ ಏನ್ ಮಾಡ್ಲಿ?"

"ನಿಲ್ಲಿಸಬ್ಯಾಡ್ರಿ ಅಂತ ಹೇಳಿದ್ದಿಲ್ಲೇನ್ ನಾ!" ಚಂದ್ರಪ್ರಭಾ ಕೂಗಿದ ರಭಸಕ್ಕೆ ದಂಡೆಯ ಬಾತುಕೋಳಿಗಳು ಹಾರಿದವು. "ಒಂದ ವರ್ಷ ಆತ್ರೀ ನಾ ಕಾಯಾಕತ್ತು! ನಿಮ್ಮ ಕೈಯಾಗ ಬಂದಿದ್ದನ್ನ ಕಳಕೊಂಡು, ಮ್ಯಾಲ ಬಾಯಿ ಮುಚ್ಕೊಂಡು ಕುಂತಿದ್ರಲ್ಲಾ! ಮನಿಶಾರೇನ್ರಿ ನೀವು?"

"ಹೇಳಿದೆನಲ್ಲಾ ಈಗ! ಸೋತೆನಲ್ಲಾ! ಇನ್ನೇನ್ ಬೇಕು ನಿನಗ?"

ಅಷ್ಟರಲ್ಲಿ ಅನಂತನ ಫೋನು ಬಡಿದುಕೊಂಡಿತು. ನಿಖಿತಾ. "ದೊಡ್ಡಪ್ಪಾ, ಕಾವಲಿ ಇಟ್ಟೀನಿ. ಹೊರಟ್ರಿಲ್ಲೋ?"

ಅನಂತ ನೀರನ್ನು ನೋಡಿದ. ಪೆಟ್ಟಿಗೆಯ ಚಿಲಕ ಟಕ್ ಎಂದು ಬಿಚ್ಚಿದ ಸದ್ದು ಹಿಂದಿನಿಂದ ಕೇಳಿಸಿತು.

"ನೀವು ತಿಂದುಬಿಡ್ರಿ, ನಿಖಿತಾ. ನಮ್ಮದು ಒಂದೀಟು ಲೇಟಾಗತೈತಿ," ಎಂದು ಫೋನಿಟ್ಟ. ಹಿಂದೆ ಚಂದ್ರಪ್ರಭಾಳೂ ಉಪ್ಪಿಟ್ಟಿನ ತಟ್ಟೆ ಬಿಟ್ಟೇಳುವಾಗ ಇದೇ ಮಾತು ಹೇಳುತ್ತಿದ್ದಳು.

ಅವನು ತಿರುಗುವಷ್ಟರಲ್ಲಿ ಚಂದ್ರಪ್ರಭಾ ಎಸೆದಾಗಿತ್ತು, ಈ ಸಲ ಸರಿಯಾದ ದಿಕ್ಕಿಗೆ.

"ಕೊಡ ಇಲ್ಲೆ," ಅನಂತ ಕೈ ಚಾಚಿದ. "ಎಲ್ಲಿ ಹೋತಂತ ನನಗ ಗೊತ್ತೈತಿ."

"ಒಂದ ರಾಡ್ ಐತ್ರಿ."

"ನಿನ್ನ ತೋಳು ನೋಯತೈತಿ."

"ಈಗಿಲ್ಲ."

ಅನಂತ ಡಬ್ಬಿ ತೆಗೆದು, ಚಪಾತಿಯ ಸುರುಳಿಯೊಂದನ್ನು ಅರ್ಧ ಮುರಿದು, ಕೈ ಬಿಡುವಿಲ್ಲದ ಹೆಂಡತಿಯ ಬಾಯಿಗಿಟ್ಟ. ಉಳಿದರ್ಧ ತಾನು ಕಚ್ಚಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ, ದಾರ ನೀರಿಗಿಳಿಯುವ ಜಾಗವನ್ನೇ ನೋಡುತ್ತ ಅಗಿದರು.

"ನನ್ನ ಪಾಳಿ ಯಾವಾಗ?" ಎಂದು ಕೇಳಿದ.

"ಇದೊಂದ ಸಲ್ರೀ," ಚಂದ್ರಪ್ರಭಾ ತುಂಬಿದ ಬಾಯಲ್ಲೇ ಅಂದಳು. "ಕಡೀದು."